ಕುಳಿತಲ್ಲೇ ಘಾಟಿ ಪ್ರಯಾಣ: ವಿಡಿಯೋ ಗೇಮ್ ತರುವ ತಲೆಸುತ್ತು

ಪುತ್ತೂರಿನಿಂದ ಸುಳ್ಯ ದಾಟಿ ಸಂಪಾಜೆ ಘಾಟಿ ಏರುವ ಬಸ್ಸುಗಳಲ್ಲಿ, ಕಡಬ ತಾಲೂಕಿನ ಸುಬ್ರಹ್ಮಣ್ಯದಿಂದ ಬಿಸ್ಲೆ ಘಾಟಿ ಹಿಡಿಯುವ ವಾಹನಗಳಲ್ಲಿ ವಾಂತಿ ಹೊಸತಲ್ಲ. ಮನೆಯಲ್ಲೇ ಕುಳಿತು ವಿಡಿಯೋ ಗೇಮ್ ಆಡುವವರಿಗೂ ಅದೇ ತಲೆಸುತ್ತು, ಓಕರಿಕೆ ಬರುವುದುಂಟು. ಕಾರಣ ಒಂದೇ, ಕ್ರಮ ಮಾತ್ರ ತಿರುವುಮುರುವು. ಬಸ್ಸಿನಲ್ಲಿ ಒಳಕಿವಿ ಪ್ರತಿ ತಿರುವನ್ನೂ ಗ್ರಹಿಸುತ್ತದೆ, ಎದುರಿನ ಸೀಟಿನಲ್ಲಿ ನೆಟ್ಟ ಕಣ್ಣಿಗೆ ಚಲನೆ ಕಾಣದು. ಆಟದಲ್ಲಿ ಕಣ್ಣಿಗೆ ಓಟ ಕಾಣುತ್ತದೆ, ಒಳಕಿವಿಗೆ ಅದರ ಸುಳಿವಿಲ್ಲ. ಈ ವಿರೋಧವನ್ನು ಮೆದುಳು ಹೊಂದಿಸಿಕೊಳ್ಳಲಾರದಾಗ ಹೊಟ್ಟೆ ತೊಳಸುತ್ತದೆ. ಮಕ್ಕಳು ಹೇಳಿದರೆ ನಾಟಕವೆಂದು ಗದರುವುದು ಸಲ್ಲದು.

ಆಟಗಾರನ ಕಣ್ಣಿನಿಂದಲೇ ದೃಶ್ಯ ತೋರಿಸುವ ಆಟಗಳಲ್ಲಿ ಈ ಬಾಧೆ ಅಧಿಕ. 1993ರ ‘ಡೂಮ್’ ಕೂಡ ಹಲವರನ್ನು ಕಾಡಿತ್ತು. ಹಠ ಹಿಡಿದು ಆಡುವುದು ತಪ್ಪು. ಬೆವರಿ, ಬಾಯಲ್ಲಿ ನೀರೂರಿದೊಡನೆ ಆಟ ನಿಲ್ಲಿಸಿ ದೂರದ ಸ್ಥಿರ ವಸ್ತುವನ್ನು ನೋಡಬೇಕು. ಬೆಳಕಿರುವ ಕೋಣೆಯಲ್ಲಿ ಪರದೆಯಿಂದ ತುಸು ದೂರ ಕುಳಿತು, ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅಲುಗಾಟವನ್ನು ತಗ್ಗಿಸಿದರೆ ಉಪಶಮನ ದೊರೆಯಬಹುದು. ತಲೆಸುತ್ತು ಇಳಿಯುವ ಮುನ್ನ ಬೈಕ್ ಏರುವುದು ಅಪಾಯಕರ.