ಎರಡನೆಯ ರಿಮೋಟು

ಹಳಗನ್ನಡ ಪಾಠ ಹೇಳುವವನು ವಿಡಿಯೋ ಗೇಮಿನ ವಿಷಯ ಬರೆಯಲು ಕುಳಿತರೆ ವಿದ್ಯಾರ್ಥಿಗಳು ನಕ್ಕಾರು, ಸಹೋದ್ಯೋಗಿಗಳು ಮರುಗಿಯಾರು. ಆದರೂ ಬರೆಯದೆ ವಿಧಿಯಿಲ್ಲ. ಭಾರತದ ದ್ಯೂತಪ್ರಸಂಗವನ್ನು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ವಿವರಿಸುತ್ತ ಬಂದವನು ನಾನು. ಧರ್ಮರಾಯನು ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಪಣಕ್ಕೆ ಒಡ್ಡುವ ಕಡೆ ಬಂದಾಗ ಹುಡುಗರು ಅವನ ಮೇಲೆ ಸಿಟ್ಟಾಗುತ್ತಾರೆ; ಅವರೊಡನೆ ಸೇರಿ ನಾನೂ ನಾಲ್ಕು ಮಾತು ಆಡಿದ್ದುಂಟು. ಕಳೆದ ದೀಪಾವಳಿಯಿಂದೀಚೆಗೆ ಆ ಕಡೆ ಬಂದರೆ ನಾಲಗೆ ಏಳುತ್ತಿಲ್ಲ. ಅದಕ್ಕೆ ಕಾರಣವಾದದ್ದು ಅಟ್ಟದ ಮೇಲಿನ ಒಂದು ಪ್ಲಾಸ್ಟಿಕ್ ಪೆಟ್ಟಿಗೆ.

ಆ ಯಂತ್ರಕ್ಕೆ ನಮ್ಮ ಕಡೆ ಸರಿಯಾದ ಹೆಸರೇ ಇರಲಿಲ್ಲ. ‘ಟೀವಿ ಗೇಮು’ ಎನ್ನುತ್ತಿದ್ದೆವು. ಆಟ ತುಂಬಿದ ಬಿಲ್ಲೆಗೆ ‘ಕ್ಯಾಸೆಟ್ಟು’ ಎಂದೂ, ಕೈಯಲ್ಲಿ ಹಿಡಿದು ಒತ್ತುವ ಗುಂಡಿಗಳ ಪಟ್ಟಿಗೆ ‘ರಿಮೋಟು’ ಎಂದೂ ನಾಮಕರಣವಾಗಿತ್ತು. ಎರಡೂ ತಪ್ಪು, ಎರಡೂ ನಿಂತುವು. ಡಬ್ಬದ ಮೇಲೆ ‘ಲಿಟ್ಲ್ ಮಾಸ್ಟರ್’ ಎಂದೋ ‘ಮೀಡಿಯಾ’ ಎಂದೋ ಅಚ್ಚಾಗಿರುತ್ತಿತ್ತು. ಅದರ ಮೂಲಪುರುಷ ಮಾತ್ರ ಬೇರೆ. 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯು ಮಾರಾಟಕ್ಕಿಟ್ಟ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವೇ ಅದು. ಅದನ್ನು ರೂಪಿಸಿದ ಎಂಜಿನಿಯರು ಮಸಾಯುಕಿ ಉಎಮುರಾ. 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಯಂತ್ರವನ್ನು ನೋಡಿ ತೈವಾನ್ ಮುಂತಾದ ಕಡೆಗಳಲ್ಲಿ ನಕಲು ಮಾಡಿದರು. ಆ ನಕಲುಗಳು ಬಗೆಬಗೆಯ ಹೆಸರು ಹೊತ್ತು ನಮ್ಮ ಪೇಟೆಗಳಿಗೆ ಬಂದುವು. ಮೂಲವನ್ನು ಕಾಣದೆ ಪ್ರತಿಯ ಪ್ರತಿಯನ್ನೇ ಓದಿ ಬೆಳೆಯುವುದು ಓಲೆಗರಿಯ ನಂಟಿರುವ ನನ್ನಂಥವರಿಗೆ ಹೊಸದೇನಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಆ ಕಂಪನಿ 1889ರಲ್ಲಿ ಕ್ಯೋಟೋ ನಗರದಲ್ಲಿ ಹುಟ್ಟಿದ್ದು ಇಸ್ಪೀಟು ತಯಾರಿಸಲು. ಹನ್ನೆರಡು ತಿಂಗಳ ಹನ್ನೆರಡು ಗಿಡಗಳ ಚಿತ್ರವಿರುವ ನಲವತ್ತೆಂಟು ಎಲೆಗಳ ಹೂವಿನ ಇಸ್ಪೀಟು ಅದು. ನಮ್ಮ ಅಜ್ಜನಿಗೆ ಇಸ್ಪೀಟೆಂದರೆ ಮೈ ಉರಿ. ಟೀವಿ ಗೇಮನ್ನು ಮೊದಲ ಸಲ ಕಂಡಾಗ ಅವರು, ‘ಇದೂ ಅದರ ಜಾತಿಯದೇ’ ಎಂದು ಗೊಣಗಿದ್ದರು. ಅಜ್ಜನಿಗೆ ಇತಿಹಾಸ ಗೊತ್ತಿರಲಿಲ್ಲ. ಮಾತು ಮಾತ್ರ ನಿಜವಾಗಿತ್ತು.

ಅಪ್ಪ ಪ್ರೌಢಶಾಲೆಯ ಮೇಷ್ಟರು. ವರ್ಗವಾದಲ್ಲಿಗೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಹೋಗುವ ಸಂಸಾರ ನಮ್ಮದು. ಮೊದಲು ಜಗಳೂರು; ಅದು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಬರ ಕಂಡ ಸೀಮೆ. ಒಂದು ಕೊಡ ನೀರಿಗೆ ಅರ್ಧ ದಿನ ಕಾಯುವುದನ್ನು ಕಲಿಸಿದ ಊರು. ಅಲ್ಲಿ ನನಗೂ ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮನಿಗೂ ಇದ್ದ ಆಟವೆಂದರೆ ಜಗಲಿಯ ಕಲ್ಲಿನ ಮೇಲೆ ಬರೆದ ಚೌಕಾಬಾರ. ನನ್ನ ಕಾಯಿಗಳು ಕವಡೆ, ಅವನವು ಬಳೆಚೂರು. 1991ರಲ್ಲಿ ನ್ಯಾಮತಿಗೆ ಬಂದೆವು. ನ್ಯಾಮತಿ ಆಗ ಹೊನ್ನಾಳಿ ತಾಲೂಕಿನ ಒಂದು ಹೋಬಳಿ. ಪ್ರತ್ಯೇಕ ತಾಲೂಕಾದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ವರ್ತಕರೊಬ್ಬರ ಮನೆಯ ಪಡಸಾಲೆಯಲ್ಲಿ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಅವರ ಮೊಮ್ಮಗ ಟೀವಿಯ ಒಳಗಿನ ಮನುಷ್ಯನನ್ನು ಕೈಯಲ್ಲಿ ಹಿಡಿದು ಓಡಿಸುತ್ತಿದ್ದುದನ್ನು ಕಂಡೆವು. ಟೀವಿ ಎಂದರೆ ನೋಡುವುದಕ್ಕೆ ಇರುವುದು, ಅದು ತೋರಿಸಿದ್ದನ್ನು ಕೈಕಟ್ಟಿ ಕುಳಿತು ನೋಡಬೇಕು ಎಂದು ತಿಳಿದವರು ನಾವು. ನಾವು ಹೇಳಿದಂತೆ ಅದು ಕೇಳುತ್ತದೆ ಎಂಬುದನ್ನು ಕಂಡ ಆ ಸಂಜೆ ಮನೆಗೆ ಬಂದು ಊಟ ಸೇರಲಿಲ್ಲ.

ಕೇಳಿದರೆ ಅಪ್ಪ, ‘ಅರ್ಧ ದುಡಿದು ತನ್ನಿ, ಉಳಿದರ್ಧ ನೋಡೋಣ’ ಎಂದರು. ಅಜ್ಜನ ಊರು ಚನ್ನಗಿರಿ ತಾಲೂಕಿನದು, ಅಡಿಕೆಯ ಸೀಮೆ. 1993ರ ದಸರಾ ರಜೆಗೆ ಅಲ್ಲಿಗೆ ಹೋದಾಗ ಕೊಯ್ಲು ಆರಂಭವಾಗಿತ್ತು. ರಾತ್ರಿ ಅಂಗಳದಲ್ಲಿ ದೀಪವಿಟ್ಟು ಹಸಿ ಅಡಿಕೆ ಸುಲಿಯಲು ಆಳುಗಳ ಸಾಲು ಕೂರುತ್ತಿತ್ತು. ಡಬ್ಬಕ್ಕೆ ಇಷ್ಟೆಂದು ಕೂಲಿ. ಆ ಸಾಲಿನ ಕೊನೆಯಲ್ಲಿ ನಾವಿಬ್ಬರೂ ಕತ್ತಿ ಹಿಡಿದು ಕುಳಿತೆವು. ಸುಲಿದ ಡಬ್ಬಗಳ ಲೆಕ್ಕಕ್ಕೆ ಅಜ್ಜ ಗೋಡೆಯ ಮೇಲೆ ಇದ್ದಿಲಿನ ಗೀಟು ಹಾಕುತ್ತಿದ್ದರು. ರಜೆ ಮುಗಿಯುವ ಹೊತ್ತಿಗೆ ನನ್ನವು ಮೂವತ್ತೊಂದು ಗೀಟು, ತಮ್ಮನವು ನಲವತ್ತಾರು. ಅವನ ಬೆರಳುಗಳ ಕರೆ ಸಂಕ್ರಾಂತಿಯವರೆಗೂ ಹೋಗಲಿಲ್ಲ. ಕೂಲಿ ಒಟ್ಟಾದರೂ ಅರ್ಧದ ಹತ್ತಿರಕ್ಕೆ ಬರಲಿಲ್ಲ. ಅಪ್ಪ ಮಾತು ಸಡಿಲಿಸಿ, ದಾವಣಗೆರೆಯ ಮಂಡಿಪೇಟೆಗೆ ಕರೆದೊಯ್ದು ಕೊಡಿಸಿದರು.

ಡಬ್ಬದಲ್ಲಿ ಎರಡು ರಿಮೋಟುಗಳಿದ್ದುವು. ಒಂದನೆಯದರ ನಡುವೆ ಆಟವನ್ನು ಆರಂಭಿಸುವ, ನಿಲ್ಲಿಸುವ, ಆರಿಸಿಕೊಳ್ಳುವ ಗುಂಡಿಗಳಿದ್ದುವು. ಎರಡನೆಯದರಲ್ಲಿ ಅವು ಇರಲಿಲ್ಲ. ಜಪಾನಿನ ಮೂಲ ಯಂತ್ರದಲ್ಲಿಯೂ ಹೀಗೆಯೇ. ಎರಡನೆಯ ಆಟಗಾರನಿಗೆ ಓಡುವ, ಹಾರುವ, ಹೊಡೆಯುವ ಅಧಿಕಾರವುಂಟು, ಆಟವನ್ನು ತೊಡಗುವ ಮುಗಿಸುವ ಅಧಿಕಾರವಿಲ್ಲ. ಯಾವುದು ಯಾರಿಗೆ ಎಂಬ ಚರ್ಚೆಯೇ ನಮ್ಮಲ್ಲಿ ನಡೆಯಲಿಲ್ಲ. ನಾನು ಹಿರಿಯ, ಒಂದನೆಯದನ್ನು ಎತ್ತಿಕೊಂಡೆ.

ಟೀವಿಯ ಆಂಟೆನಾ ತಂತಿ ಕಿತ್ತು, ಆ ಜಾಗದಲ್ಲಿ ಯಂತ್ರದ ತಂತಿ ಸಿಕ್ಕಿಸಿ, ಚಾನೆಲ್ಲಿನ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ, ಇರುವೆ ಮುತ್ತಿದಂತಿದ್ದ ತೆರೆಯೊಳಗಿಂದ ಚಿತ್ರ ಮೂಡುತ್ತಿತ್ತು. ನಮ್ಮದು ಕಪ್ಪು-ಬಿಳುಪಿನ ಟೀವಿ. ಕ್ಯಾಸೆಟ್ಟಿನ ಮೇಲೆ ‘9999999 ಆಟಗಳು’ ಎಂದು ಬರೆದಿತ್ತು. ಒಳಗಿದ್ದವು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹಂತಗಳಿಂದ ಮತ್ತೆ ಮತ್ತೆ ಬರುತ್ತಿದ್ದುವು. ಆ ಮೋಸಕ್ಕೆ ನಾವು ಬೇಸರಪಡಲಿಲ್ಲ. ನಮಗೆ ಬೇಕಾದದ್ದು ಮಾರಿಯೋ ಒಂದೇ.

‘ಸೂಪರ್ ಮಾರಿಯೋ ಬ್ರದರ್ಸ್’ 1985ರದು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬಿಬ್ಬರ ಕಲ್ಪನೆ. ಕಥೆ ನಮ್ಮ ಅಜ್ಜಿಯರಿಗೆ ಹೊಸದಲ್ಲ. ರಕ್ಕಸನು ರಾಜಕುಮಾರಿಯನ್ನು ಒಯ್ದಿದ್ದಾನೆ. ಏಳು ಕೋಟೆಗಳಲ್ಲಿ ಅವಳಿಲ್ಲ, ಎಂಟನೆಯದರಲ್ಲಿದ್ದಾಳೆ. ಅಣ್ಣ ಮಾರಿಯೋ, ತಮ್ಮ ಲುಯಿಜಿ. ಇಬ್ಬರು ಆಡುವುದಾದರೆ ಇಬ್ಬರೂ ಒಟ್ಟಿಗೆ ಓಡುವುದಿಲ್ಲ. ಅಣ್ಣ ಸತ್ತ ಮೇಲೆ ತಮ್ಮನ ಸರದಿ. ಅಣ್ಣ ಸಾಯದೆ ಇದ್ದಷ್ಟು ಹೊತ್ತೂ ತಮ್ಮ ಸುಮ್ಮನೆ ಕುಳಿತಿರಬೇಕು. ನಾನು ಬಹಳ ಹೊತ್ತು ಸಾಯುತ್ತಿರಲಿಲ್ಲ. ಅವನು ಎರಡನೆಯ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಸರದಿ ಬಂದರೆ ನಾಲ್ಕು ಹೆಜ್ಜೆ ಓಡಿ, ಹಾರಬೇಕಾದಲ್ಲಿ ಹಾರದೆ ಗುಂಡಿಗೆ ಬೀಳುತ್ತಿದ್ದ. ಆಟ ಮತ್ತೆ ನನ್ನ ಕೈಗೆ. ‘ನಿನಗೆ ಹಾರೋಕೆ ಬರಲ್ಲ ಕಣೋ’ ಎನ್ನುತ್ತಿದ್ದೆ. ಮನೆಯಲ್ಲಿ ಅದು ಗಾದೆಯಂತಾಯಿತು.

ಇನ್ನೊಂದು ಕೇಡಿಗತನವನ್ನೂ ಒಪ್ಪಿಕೊಂಡುಬಿಡುತ್ತೇನೆ. ತಮ್ಮನ ಸರದಿಯಲ್ಲಿಯೂ ಆಟವನ್ನು ನಿಲ್ಲಿಸುವ ಗುಂಡಿ ನನ್ನಲ್ಲಿಯೇ ಇರುತ್ತಿತ್ತಷ್ಟೆ. ಅವನು ಹೇಗೋ ಒಂದು ಒಳ್ಳೆಯ ನೆಗೆತ ನೆಗೆದಾಗ ನಾನು ಅದನ್ನು ಒತ್ತುತ್ತಿದ್ದೆ. ಲುಯಿಜಿ ಗಾಳಿಯಲ್ಲಿ ನಿಂತುಬಿಡುತ್ತಿದ್ದ. ‘ಅಣ್ಣಾ, ಬಿಡೋ’ ಎಂದು ಅವನು ಗೋಗರೆದ ಮೇಲೆ ಬಿಟ್ಟರೆ, ಲಯ ತಪ್ಪಿ ಬೀಳುತ್ತಿದ್ದ.

1994ರಲ್ಲಿ ಅಪ್ಪನಿಗೆ ಹೊನ್ನಾಳಿಗೆ ವರ್ಗವಾಯಿತು. ತುಂಗಭದ್ರೆಯ ದಡದ ಆ ಊರಿನಲ್ಲಿ ಕ್ಯಾಸೆಟ್ಟುಗಳನ್ನು ದಿನಬಾಡಿಗೆಗೆ ಕೊಡುವ ಒಂದು ಅಂಗಡಿಯಿತ್ತು. ಅಲ್ಲಿಂದ ತಂದ ಬಾತುಕೋಳಿ ಬೇಟೆಯ ಆಟಕ್ಕೆ ಪ್ಲಾಸ್ಟಿಕ್ಕಿನ ಒಂದು ಬಂದೂಕು. ವಿಚಿತ್ರವೆಂದರೆ ಅದನ್ನು ಹಿಡಿದರೆ ತಮ್ಮನ ಗುರಿ ತಪ್ಪುತ್ತಿರಲಿಲ್ಲ. ಒಂದು ದಿನ ಅವನು, ‘ಅಣ್ಣ, ಕುದುರೆ ಎಳೆದ ಕೂಡಲೇ ತೆರೆ ಒಂದು ಚೂರು ಕಪ್ಪಾಗಿ, ಹಕ್ಕಿ ಇದ್ದ ಕಡೆ ಮಾತ್ರ ಬಿಳೀ ಚೌಕ ಬರ್ತದೆ, ನೋಡು’ ಎಂದ. ನನಗೆ ಕಾಣಲಿಲ್ಲ. ಇನ್ನೊಂದು ದಿನ ಮಾರಿಯೋ ನೋಡುತ್ತ, ‘ಮೇಲಿರೋ ಮೋಡ, ಕೆಳಗಿರೋ ಪೊದೆ ಎರಡೂ ಒಂದೇ’ ಎಂದ. ಬಣ್ಣವಿಲ್ಲದ ಟೀವಿಯಲ್ಲಿ ನಿನಗೆ ಎಲ್ಲವೂ ಒಂದೇ ಎಂದು ನಾನು ನಕ್ಕೆ.

ಎರಡೂ ನಿಜವೆಂದು ತಿಳಿದದ್ದು ಬಹುಕಾಲದ ಮೇಲೆ, ಓದಿ. ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರ ಮೂತಿಯಲ್ಲಿ ಬೆಳಕನ್ನು ಗುರುತಿಸುವ ಕಣ್ಣೊಂದಿದೆ. ಕುದುರೆ ಎಳೆದಾಗ ತೆರೆ ಕ್ಷಣಮಾತ್ರ ಕಪ್ಪಾಗಿ ಗುರಿಯ ಜಾಗ ಬೆಳ್ಳಗಾಗುತ್ತದೆ. ಆ ಬಿಳುಪು ಕಣ್ಣಿಗೆ ಬಿದ್ದರೆ ಹಕ್ಕಿ ಸತ್ತಂತೆ. ಮೋಡಕ್ಕೂ ಪೊದೆಗೂ ಇರುವುದು ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಆಟವನ್ನು ಕೇವಲ 40 ಕಿಲೋಬೈಟಿನಲ್ಲಿ ಅಡಗಿಸಬೇಕಾಗಿತ್ತು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಸಾಮಾನ್ಯ ಪಟದ ಜಾಗದಲ್ಲಿ ಅಂಥ ಹತ್ತಾರು ಆಟಗಳು ಹಿಡಿಸಿಯಾವು. ಬಡವರ ಮನೆಯಲ್ಲಿ ಒಂದೇ ಸೀರೆ ಹಬ್ಬಕ್ಕೂ ಮದುವೆಗೂ ಆಗುವಂತೆ ಅಲ್ಲಿ ಒಂದೇ ಚಿತ್ರ ಆಕಾಶಕ್ಕೂ ನೆಲಕ್ಕೂ ಆಗಿತ್ತು. ಹನ್ನೆರಡು ವರ್ಷದ ಹುಡುಗ ಅದನ್ನು ಬರಿಗಣ್ಣಿನಲ್ಲಿ ಕಂಡಿದ್ದ.

ಆಡಿದ್ದನ್ನು ಉಳಿಸಿಡುವ ಉಪಾಯ ಆ ಕ್ಯಾಸೆಟ್ಟಿನಲ್ಲಿರಲಿಲ್ಲ. ಏಳನೆಯ ಕೋಟೆಯಲ್ಲಿರುವಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆ ವರ್ಷಗಳಲ್ಲಿ ಕರೆಂಟು ಹೋಗದ ಸಂಜೆ ಎಲ್ಲಿತ್ತು?

1996ರಲ್ಲಿ ನಾನು ಎಸ್‌.ಎಸ್‌.ಎಲ್‌.ಸಿ. ಮುಗಿಸಿ ದಾವಣಗೆರೆಗೆ ಓದಲು ಹೋದೆ. ಯಂತ್ರ ಅಜ್ಜನ ಮನೆಯ ಅಟ್ಟ ಸೇರಿತು. ಮರುವರ್ಷ, 1997ರ ಆಗಸ್ಟ್ 15ರಂದು, ದಾವಣಗೆರೆಯೇ ಜಿಲ್ಲೆಯಾಗಿ ಜಗಳೂರು, ಹೊನ್ನಾಳಿ, ಚನ್ನಗಿರಿಗಳೆಲ್ಲ ಒಂದೇ ನಕ್ಷೆಗೆ ಬಂದುವು. ನಮ್ಮ ಅಲೆದಾಟವೆಲ್ಲ ಒಂದು ಜಿಲ್ಲೆಯೊಳಗಿನದೆಂದು ಸರ್ಕಾರವೇ ತೀರ್ಮಾನಿಸಿದಂತಾಯಿತು. ಅದರ ಮರುವರ್ಷ ಅಜ್ಜ ತೀರಿಕೊಂಡರು. ತೋಟ ನೋಡಲು ಮನೆಯವರೇ ಒಬ್ಬರು ಬೇಕು. ಯಾರು ಎಂದು ಹೆಚ್ಚು ಚರ್ಚೆಯಾಗಲಿಲ್ಲ. ‘ದೊಡ್ಡವನದು ಚುರುಕು ಬುದ್ಧಿ, ಓದಲಿ. ಇವನು ಸ್ವಲ್ಪ ನಿಧಾನ’ ಎಂದರು ಅಪ್ಪ. ಅವ್ವ ಸುಮ್ಮನಿದ್ದಳು. ತಮ್ಮ ಪಿ.ಯು.ಸಿ. ಬಿಟ್ಟು ತೋಟಕ್ಕೆ ಬಂದ. ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದೆ. ಫೀಜು ಕಟ್ಟಿದ್ದು ಅಡಿಕೆ. ಅವನು ನಿಧಾನ ಎಂಬ ಅಭಿಪ್ರಾಯ ನಮ್ಮ ಮನೆಯಲ್ಲಿ ಎಲ್ಲಿಂದ ಹುಟ್ಟಿತೆಂದು ಹುಡುಕಿದರೆ, ಬೇರೆ ಎಷ್ಟೋ ಕಾರಣಗಳ ನಡುವೆ, ಆ ಟೀವಿಯ ಮುಂದಿನ ಗುಂಡಿಯೂ ಕಾಣುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಮ್ಮನ ಮಗಳು ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿದ್ದಳು. ಮನೆಯಲ್ಲಿ ಗೋಡೆಗೆ ಅಂಟಿದ ಹೊಸ ಟೀವಿಯಿದೆ. ಅದರ ಮುಂದೆ ಬಂದೂಕು ಕೆಲಸಕ್ಕೆ ಬಾರದೆಂದು ತಮ್ಮ ಹಳೆಯ ಟೀವಿಯನ್ನು ಎಸೆಯದೆ ಹಾಗೆಯೇ ಉಳಿಸಿಕೊಂಡಿದ್ದ. ಕ್ಯಾಸೆಟ್ಟನ್ನು ಉಫ್ ಎಂದು ಊದಿ ಸಿಕ್ಕಿಸಿದ. ಹಾಗೆ ಊದುವುದರಿಂದ ತೇವ ತಗುಲಿ ಲೋಹಕ್ಕೆ ಕೇಡೇ ಹೊರತು ಲಾಭವಿಲ್ಲವೆಂದು ಓದಿದ್ದೇನೆ. ಊದದೆ ಆಡಿದ ಹುಡುಗನನ್ನು ಮಾತ್ರ ಕಂಡಿಲ್ಲ. ಚಿತ್ರ ಬಂತು. ಅಭ್ಯಾಸಬಲದಿಂದ ಅವನು ಒಂದನೆಯ ರಿಮೋಟನ್ನು ನನ್ನತ್ತ ಚಾಚಿದ. ‘ಇವತ್ತು ನೀನು ಹಿಡಿ’ ಎಂದು ನಾನು ಎರಡನೆಯದನ್ನು ತೆಗೆದುಕೊಂಡೆ.

ಮೊದಲ ಸರದಿ ಅವನದು. ನನಗೆ ಬೇಗ ಸಿಗಲೆಂದು ಬೇಕೆಂದೇ ಮೊದಲ ಗುಂಡಿಗೆ ಬಿದ್ದ. ನಾನು ಓಡಿದೆ. ಎದುರಿಗೆ ಅಣಬೆಯಂಥ ಆ ಮೊದಲ ಪ್ರಾಣಿ ತೆವಳುತ್ತ ಬಂತು. ಹಾರುವ ಗುಂಡಿ ಒತ್ತಿದೆ. ಹಾರಲಿಲ್ಲ. ಮತ್ತೆ ಒತ್ತಿದೆ. ಲುಯಿಜಿ ಸತ್ತ.

‘ದೊಡ್ಡಪ್ಪ ಔಟ್’ ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

‘ಇದು ಕೆಟ್ಟಿದೆ’ ಎಂದೆ.

‘ಅದು ಆಗಿನಿಂದ್ಲೂ ಹಂಗೇ ಐತಣ್ಣ’ ಎಂದ ತಮ್ಮ. ‘ಮೊದಲನೇ ವರ್ಷದಿಂದ್ಲೂ. ಒಳಗಿನ ರಬ್ಬರು ಸರಿಯಾಗಿ ಕೂತಿಲ್ಲ. ಒತ್ತಿ ಒಂಚೂರು ಬಲಕ್ಕೆ ಜರುಗಿಸ್ಬೇಕು, ಆಗ ಹತ್ತರಲ್ಲಿ ಐದು ಸಲ ಹಾರ್ತಾನೆ.’

‘ಯಾಕೆ ಹೇಳಲಿಲ್ಲ?’

‘ಹೇಳಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ನೀನು ನಕ್ಕೆ.’ ಇದನ್ನು ಹೇಳುವಾಗ ಅವನು ನಗುತ್ತಿದ್ದ. ದೂರಿನ ಧ್ವನಿ ಎಳ್ಳಷ್ಟೂ ಇರಲಿಲ್ಲ. ರಿಮೋಟನ್ನು ನನ್ನ ಕೈಯಲ್ಲಿಯೇ ಇರಿಸಿ, ತನ್ನ ಹೆಬ್ಬೆರಳನ್ನು ನನ್ನ ಹೆಬ್ಬೆರಳ ಮೇಲಿಟ್ಟು, ಹೇಗೆ ಜರುಗಿಸಬೇಕೆಂದು ತೋರಿಸಿದ. ಅವನ ಬೆರಳು ಅಡಿಕೆಯ ಕರೆಯಿಂದ ಕಪ್ಪಾಗಿತ್ತು.

ಆಮೇಲೆ ಅವನ ಸರದಿ ಬಂತು. ಸರಿಯಾದ ರಿಮೋಟು ಹಿಡಿದು ಅವನು ಆಡುವುದನ್ನು ನಾನು ಅಂದೇ ಮೊದಲು ನೋಡಿದ್ದು. ಮೊದಲ ಕೋಟೆ ದಾಟಿದ, ಎರಡನೆಯದನ್ನೂ ದಾಟಿದ. ನಾನು ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಹಿತ್ತಿಲಿನಲ್ಲಿ ಅಡಿಕೆ ಬೇಯಿಸುತ್ತಿದ್ದ ಒಲೆಯ ಬಳಿಯಿಂದ ಯಾರೋ ಕೂಗಿದರು. ಒಂದು ದೊಡ್ಡ ಗುಂಡಿಯ ಮೇಲೆ ನೆಗೆಯುತ್ತಿದ್ದವನು ನಡುವೆಯೇ ಆಟ ನಿಲ್ಲಿಸಿ, ‘ಸೌದೆ ಒಟ್ಟಿ ಬರ್ತೀನಿ, ಮುಟ್ಟಬೇಡಿ’ ಎಂದು ಎದ್ದು ಹೋದ. ಮಾರಿಯೋ ಗಾಳಿಯಲ್ಲಿ ನಿಂತಿದ್ದ. ನಾನೂ ಹುಡುಗಿಯೂ ಅವನನ್ನೇ ನೋಡುತ್ತ ಕುಳಿತೆವು.