ನೆನಪುಳ್ಳ ಲೋಹ

ಕೃಷ್ಣಾತೀರದ ಐನಾಪುರದ ಸೀಮೆಯಲ್ಲಿ ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಿದ್ದರು. ತಣಿದ ಹಳಿ ಕುಗ್ಗಿ ಗಾಲಿಯನ್ನು ಬಿಗಿದಪ್ಪುತ್ತಿತ್ತು.

ಸವೆದ ಪಾದದ ಕೀಲನ್ನು ಬೆಸೆಯುವ ನಿಟಿನಾಲ್ ಕೊಂಡಿಯ ರೀತಿ ಇದಕ್ಕೆ ವಿಪರೀತ. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾ ಪ್ರಯೋಗಾಲಯದಲ್ಲಿ ಈ ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ನೆನಪಿನ ಗುಣ ಬೆಳಕಿಗೆ ಬಂದಿತು. ತಂಪಿನಲ್ಲಿ ಕಾಲಗಲಿಸಿದ ಕೊಂಡಿ, ಮೈಬಿಸಿಗೆ ಹಿಂದಿನ ಆಕಾರವನ್ನು ನೆನೆದು ಎಲುಬುಗಳೆರಡನ್ನೂ ಒತ್ತಿ ಹಿಡಿಯುತ್ತದೆ.

ಆ ಹಿಡಿತವನ್ನು ಮೊದಲು ಯಂತ್ರ ಪರೀಕ್ಷಿಸಬೇಕು. ಕೃತಕ ಎಲುಬಿನ ತುಂಡುಗಳೆರಡನ್ನು ಕೊಂಡಿಯಿಂದ ಜೋಡಿಸಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಹೆಜ್ಜೆಯ ಭಾರ ಬಿದ್ದಂತೆ ಮತ್ತೆ ಮತ್ತೆ ಬಾಗಿಸುತ್ತಾರೆ. ಸಂದು ತುಸು ತೆರೆದೀತು, ಭಾರವಿಳಿದೊಡನೆ ಮುಚ್ಚಬೇಕು. ಮುಚ್ಚದಿದ್ದರೆ ಎಲುಬು ಕೂಡಲಾರದು, ನೋವೂ ತೀರಲಾರದು.

ಕಬ್ಬಿನ ಹೊಲದ ಬದುವಿನಲ್ಲಿ ನಡೆಯಬೇಕಾದ ಕಾಲಿಗೆ ಬೇಕಾದುದು ಬಾಗದ ಲೋಹವಲ್ಲ. ಬಾಗಿಯೂ ಹಿಡಿತ ಬಿಡದ ಲೋಹ.