ಕರೆ ಕೂಡುವ ಮುನ್ನಿನ ಮಾರುಕಟ್ಟೆ

2020ರ ಮಾರ್ಚ್ ತಿಂಗಳಲ್ಲಿ ದೇಶದಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳಿಸುತ್ತಿದ್ದುದು ಕೆಮ್ಮು. ಆಮೇಲೆ ಕೊರೊನಾ ಬಗ್ಗೆ ಎಚ್ಚರಿಕೆಯ ಮಾತು, ಅದು ಮುಗಿದ ಮೇಲೆ ರಿಂಗ್. ಇದಕ್ಕಾಗಿ ಯಾರ ಫೋನನ್ನೂ ಯಾರೂ ಮುಟ್ಟಿರಲಿಲ್ಲ, ಒಂದು ಟವರನ್ನೂ ಬದಲಿಸಿರಲಿಲ್ಲ. ಸರ್ಕಾರ ಸೂಚಿಸಿದ ಕೆಲವೇ ದಿನಗಳಲ್ಲಿ ಕೋಟ್ಯಂತರ ಕರೆಗಳ ಮುಂದೆ ಒಂದೇ ಧ್ವನಿ ಬಂದು ಕೂತಿತು. ಕರೆ ಕೂಡುವ ಮುನ್ನಿನ ಆ ಕೆಲವು ಸೆಕೆಂಡುಗಳಲ್ಲಿ ಏನು ಕೇಳಿಸಬೇಕೆಂದು ನಿರ್ಧರಿಸುವ ವ್ಯವಸ್ಥೆ ಮೊಬೈಲ್ ಕಂಪನಿಗಳ ಬಳಿ ಆಗಲೇ ಇತ್ತು. ಅಂಥ ವ್ಯವಸ್ಥೆಗಳಿಗೆ ಅವು ದುಡ್ಡು ಸುರಿದದ್ದು ಹಾಡು ಮಾರುವುದಕ್ಕೆ.

ಮೊಬೈಲ್ ಜಾಲದ ಮೂಲ ಕೆಲಸ ಕರೆ ಕೂಡಿಸುವುದು, ಸಂದೇಶ ಮುಟ್ಟಿಸುವುದು. ಕಾಲರ್ ಟ್ಯೂನ್, ಕ್ರಿಕೆಟ್ ಸ್ಕೋರು, ದಿನಭವಿಷ್ಯ, ಮಿಸ್ಡ್ ಕಾಲ್ ಅಲರ್ಟ್ ಇವೆಲ್ಲ ಅದರ ಮೇಲೆ ಬಂದು ಕೂತವು. ಉದ್ಯಮದವರ ಬಾಯಲ್ಲಿ ಇವಕ್ಕೆ ವ್ಯಾಲ್ಯೂ ಆಡೆಡ್ ಸರ್ವಿಸ್ ಎಂದು ಹೆಸರು, ಚಿಕ್ಕದಾಗಿ ವ್ಯಾಸ್. ಮೊದಮೊದಲು ಪ್ರತಿ ಸೇವೆಗೂ ಒಂದು ಪ್ರತ್ಯೇಕ ಸರ್ವರ್, ಅದಕ್ಕೊಂದು ಪ್ರತ್ಯೇಕ ಗ್ರಾಹಕರ ಪಟ್ಟಿ, ಬಿಲ್ಲಿಂಗ್‌ಗೆ ಪ್ರತ್ಯೇಕ ಜೋಡಣೆ. ಒಂದೇ ಮನೆಯ ಪ್ರತಿ ಕೋಣೆಗೂ ಬೇರೆ ಬೇರೆ ಕರೆಂಟ್ ಮೀಟರ್ ಕೂರಿಸಿದ ಹಾಗಿತ್ತು ಅದು. ಹೊಸದೊಂದು ಸೇವೆ ಶುರು ಮಾಡಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಈ ಸಿಕ್ಕನ್ನು ಬಿಡಿಸಲು ಬಂದದ್ದೇ ಸರ್ವಿಸ್ ಡೆಲಿವರಿ ಪ್ಲಾಟ್‌ಫಾರ್ಮ್, ಎಸ್‌ಡಿಪಿ. ಗ್ರಾಹಕ ಯಾರು, ಅವನು ಒಪ್ಪಿದ್ದಾನೋ ಇಲ್ಲವೋ, ಎಷ್ಟು ದುಡ್ಡು ಕಡಿಯಬೇಕು, ಅದರಲ್ಲಿ ಯಾರಿಗೆ ಎಷ್ಟು ಪಾಲು ಎಂಬ ನಾಲ್ಕು ಪ್ರಶ್ನೆಗಳನ್ನು ಎಲ್ಲ ಸೇವೆಗಳ ಪರವಾಗಿ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶ. ಎರಿಕ್ಸನ್, ಹುವಾವೇ, ಎಚ್‌ಪಿ, ಒರಾಕಲ್‌ನಂಥ ದೈತ್ಯರೆಲ್ಲ ಇದನ್ನು ಮಾರಲು ಪೈಪೋಟಿಗೆ ಇಳಿದರು.

ಕಾಲರ್ ಟ್ಯೂನನ್ನೇ ಹತ್ತಿರದಿಂದ ನೋಡೋಣ. ದಕ್ಷಿಣ ಕೊರಿಯಾದ ಎಸ್‌ಕೆ ಟೆಲಿಕಾಂ 2002ರಲ್ಲಿ ಶುರು ಮಾಡಿದ ಈ ಸೇವೆ ಎರಡು ವರ್ಷದಲ್ಲಿ ಭಾರತಕ್ಕೂ ಬಂತು. ನೀವು ಗೆಳೆಯನ ನಂಬರಿಗೆ ಕರೆ ಮಾಡಿದಾಗ ಜಾಲ ಮೊದಲು ನೋಡುವುದು ಅವನ ಹೆಸರಿನಲ್ಲಿರುವ ದಾಖಲೆಯನ್ನು. ಆತ ಈಗ ಯಾವ ಊರಿನ ಯಾವ ಎಕ್ಸ್‌ಚೇಂಜಿನ ವ್ಯಾಪ್ತಿಯಲ್ಲಿದ್ದಾನೆ, ಯಾವ್ಯಾವ ಸೇವೆ ಹಾಕಿಸಿಕೊಂಡಿದ್ದಾನೆ ಎಂಬುದೆಲ್ಲ ಅಲ್ಲಿರುತ್ತದೆ. ಕಾಲರ್ ಟ್ಯೂನಿನ ಗುರುತು ಕಂಡರೆ ಎಕ್ಸ್‌ಚೇಂಜ್ ಎರಡು ದಾರಿ ತೆರೆಯುತ್ತದೆ. ಒಂದು ಗೆಳೆಯನ ಫೋನಿಗೆ, ಅದು ಮಾಮೂಲಿನಂತೆ ರಿಂಗಾಗುತ್ತದೆ. ಇನ್ನೊಂದು ಹಾಡಿನ ಸರ್ವರಿಗೆ, ಅಲ್ಲಿಂದ ನಿಮ್ಮ ಕಿವಿಗೆ ಹಾಡು ಬರುತ್ತದೆ. ಆತ ಫೋನ್ ಎತ್ತಿದ ಗಳಿಗೆಯಲ್ಲಿ ಹಾಡಿನ ದಾರಿ ಕಡಿದು ಅವನ ‘ಹಲೋ’ ಕೇಳಿಸುತ್ತದೆ. ಹಾಡಿಗೆ ದುಡ್ಡು ಕೊಟ್ಟವನು ಅವನು, ಕೇಳಿದವರು ನೀವು.

ನೀವು ‘ಈ ಹಾಡು ಬೇಕಿದ್ದರೆ ಸ್ಟಾರ್ ಒತ್ತಿ’ ಎಂಬ ಮಾತಿಗೆ ಒಪ್ಪಿ ಸ್ಟಾರ್ ಒತ್ತಿದರೆ ಎಸ್‌ಡಿಪಿಯ ಕೆಲಸ ಶುರು. ನಿಮ್ಮ ಪ್ರೀಪೇಯ್ಡ್ ಖಾತೆಯಿಂದ ದುಡ್ಡು ಕಡಿದು, ನಿಮ್ಮ ದಾಖಲೆಯಲ್ಲೂ ಟ್ಯೂನಿನ ಗುರುತು ಹಾಕಿ, ಹಾಡಿನ ಹಕ್ಕುದಾರರ ಲೆಕ್ಕಕ್ಕೆ ಒಂದು ಸಾಲು ಸೇರಿಸುತ್ತದೆ. ತಿಂಗಳು ಮುಗಿದಾಗ ನವೀಕರಣ. ಖಾತೆಯಲ್ಲಿ ಪೂರ್ತಿ ದುಡ್ಡಿಲ್ಲವೆಂದರೆ ಬಹುಪಾಲು ವೇದಿಕೆಗಳು ಸುಮ್ಮನಾಗುತ್ತಿರಲಿಲ್ಲ. ತಿಂಗಳ ಶುಲ್ಕ ಸಿಗದಿದ್ದರೆ ವಾರದ್ದು, ಅದೂ ಸಿಗದಿದ್ದರೆ ದಿನದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದವು. ಏನೂ ಸಿಗದಿದ್ದರೆ ನಂಬರನ್ನು ಸಾಲಿನಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದವು. ‘ಈಗಷ್ಟೇ ಕರೆನ್ಸಿ ಹಾಕಿಸಿದೆ, ಆಗಲೇ ಕಟ್ ಆಯ್ತು’ ಎಂದು ಜನ ರೀಚಾರ್ಜ್ ಅಂಗಡಿಯವನ ಮೇಲೆ ರೇಗುತ್ತಿದ್ದರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಈ ಸಾಲು. ಅಂಗಡಿಯವನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಈ ಮಾರುಕಟ್ಟೆಯಲ್ಲಿ ಕರ್ನಾಟಕಕ್ಕೂ ದೊಡ್ಡ ಪಾತ್ರವಿದೆ. ಇನ್ಫೋಸಿಸ್ ಒಳಗೆ ಮೊಳೆತು 2000ದಲ್ಲಿ ಹೊರಬಂದ ಬೆಂಗಳೂರಿನ ಆನ್‌ಮೊಬೈಲ್, ಕಾಲರ್ ಟ್ಯೂನ್ ಮತ್ತು ಧ್ವನಿ ಸೇವೆಗಳ ವೇದಿಕೆ ಕಟ್ಟಿ ಭಾರತದ ಕಂಪನಿಗಳಿಗಷ್ಟೇ ಅಲ್ಲ, ಹೊರದೇಶಗಳ ಕಂಪನಿಗಳಿಗೂ ಕೊಟ್ಟಿತು. 2008ರಲ್ಲಿ ಷೇರುಪೇಟೆಗೂ ಬಂತು. ಹಾಡು ಸಿನಿಮಾದವರದು, ಗ್ರಾಹಕ ಮೊಬೈಲ್ ಕಂಪನಿಯವನು, ನಡುವಿನ ಯಂತ್ರ ಮಾತ್ರ ಬೆಂಗಳೂರಿನದು.

ಆದರೆ ದುಡ್ಡು ಹಂಚಿಕೆಯಾದ ರೀತಿ ನೋಡಿದರೆ ಬೇಸರವಾಗುತ್ತದೆ. ಗ್ರಾಹಕ ಕೊಟ್ಟ ಶುಲ್ಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೊಬೈಲ್ ಕಂಪನಿಗಳೇ ಇಟ್ಟುಕೊಳ್ಳುತ್ತಿದ್ದವು. ಉಳಿದದ್ದನ್ನು ವೇದಿಕೆಯವರು, ಸಂಗೀತ ಕಂಪನಿಯವರು, ದಲ್ಲಾಳಿಗಳು ಹಂಚಿಕೊಳ್ಳಬೇಕು. ಜಪಾನಿನಲ್ಲಿ ಇದಕ್ಕಿಂತ ಮೊದಲೇ ಬೇರೊಂದು ದಾರಿ ತೆರೆದಿತ್ತು. ಎನ್‌ಟಿಟಿ ಡೊಕೊಮೊ 1999ರ ಫೆಬ್ರವರಿಯಲ್ಲಿ ಐ-ಮೋಡ್ ಶುರು ಮಾಡಿದಾಗ, ರೈಲಿನ ಸಮಯ, ಆಟ, ಬ್ಯಾಂಕ್ ಸೇವೆ ಕೊಡುವ ಹೊರಗಿನವರ ಪರವಾಗಿ ಗ್ರಾಹಕನ ಬಿಲ್ಲಿನಲ್ಲಿ ದುಡ್ಡು ವಸೂಲಿ ಮಾಡಿ, ತಾನು ಹಿಡಿದುಕೊಂಡದ್ದು ಶೇ 9 ಮಾತ್ರ. ಅದು ಔದಾರ್ಯವಲ್ಲ, ಲೆಕ್ಕಾಚಾರ. ಜನ ಆ ತಾಣಗಳನ್ನು ನೋಡಿದಷ್ಟೂ ಡೇಟಾ ಶುಲ್ಕ ಡೊಕೊಮೊಗೇ ಬರುತ್ತಿತ್ತು. ಹಾಗಾಗಿ ಸೇವೆ ಕಟ್ಟುವವರು ಹೆಚ್ಚಾದಷ್ಟೂ ಅದಕ್ಕೇ ಲಾಭ. ಸುಮಾರು ಒಂದೂವರೆ ವರ್ಷದಲ್ಲಿ ಐ-ಮೋಡ್‌ಗೆ 1 ಕೋಟಿ ಗ್ರಾಹಕರಾದರು.

ಕೀನ್ಯಾದ ಸಫಾರಿಕಾಂ 2007ರ ಮಾರ್ಚ್‌ನಲ್ಲಿ, ಗ್ರಾಹಕರ ದುಡ್ಡಿನ ಲೆಕ್ಕ ತಾನೇ ಇಡಬಲ್ಲ ಇಂಥದ್ದೇ ಬಲದಿಂದ ಎಂ-ಪೆಸಾ ಶುರು ಮಾಡಿತು. ಇಂಟರ್ನೆಟ್ಟಿಲ್ಲದ ಸಾದಾ ಫೋನಿನಲ್ಲಿ, ಸಿಮ್ಮಿನೊಳಗಿನ ಮೆನುವಿನಿಂದ, ಹಳ್ಳಿಯ ತಾಯಿಗೆ ನಗರದ ಮಗ ದುಡ್ಡು ಕಳಿಸಬಹುದಾಯಿತು. 

ನಮ್ಮಲ್ಲಿ ಮಾತ್ರ ಸೇವೆಗಿಂತ ವಸೂಲಿಯೇ ಮುಂದಾಯಿತು. ಕೇಳದ ಸೇವೆ ತಾನಾಗಿ ಶುರುವಾಗಿದೆ, ದುಡ್ಡು ಹೋಗಿದೆ ಎಂಬ ದೂರು ಎಷ್ಟು ಹೆಚ್ಚಿತೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ‘ಟ್ರಾಯ್’ ನಡುವೆ ಬರಬೇಕಾಯಿತು. ಸೇವೆ ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಒಂದೇ ನಂಬರ್ 155223 ಬಂತು. 2013ರಲ್ಲಿ ಎರಡು ಬಾರಿ ಒಪ್ಪಿಗೆ ಪಡೆಯದೆ ಯಾವ ಸೇವೆಯನ್ನೂ ಶುರು ಮಾಡಬಾರದೆಂಬ ಕಟ್ಟಪ್ಪಣೆಯಾಯಿತು. ಎರಡನೆಯ ಒಪ್ಪಿಗೆ ಬೇರೆ ವ್ಯವಸ್ಥೆಯ ಮೂಲಕವೇ ಬರಬೇಕು ಎಂದದ್ದು ಸರಿಯಾದ ನಡೆ. ದುಡ್ಡು ಕಡಿಯುವವನೇ ಒಪ್ಪಿಗೆಗೂ ಸಾಕ್ಷಿಯಾದರೆ ಆ ಒಪ್ಪಿಗೆಗೆ ಬೆಲೆಯಿಲ್ಲ.

ಅಷ್ಟರಲ್ಲಿ ವ್ಯಾಪಾರವೇ ಕೈಜಾರುತ್ತಿತ್ತು. ಆಪಲ್ 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದು ತನ್ನ ಪಾಲು ಶೇ 30 ಎಂದಿತು. ಆಪ್ ಕಟ್ಟುವ ಹುಡುಗನಿಗೆ ಇನ್ನು ಒಂದೊಂದು ದೇಶದ ಒಂದೊಂದು ಮೊಬೈಲ್ ಕಂಪನಿಯ ಬಾಗಿಲು ಕಾಯುವ ಅಗತ್ಯವಿರಲಿಲ್ಲ. ಸ್ಕೋರು, ಹಾಡು, ಭವಿಷ್ಯ ಎಲ್ಲ ಆಪ್‌ಗೆ ಹೋದವು, ಸಂದೇಶ ವಾಟ್ಸ್ಆಪ್‌ಗೆ ಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಜಿಯೋದಲ್ಲಿ ಕಾಲರ್ ಟ್ಯೂನ್ ಕೂಡ ಪುಕ್ಕಟೆಯಾಯಿತು.

ಹಾಗೆಂದು ವೇದಿಕೆಗಳು ಮಾಯವಾಗಲಿಲ್ಲ. ಜನ ಜನರಿಗೆ ಎಸ್ಎಂಎಸ್ ಕಳಿಸುವುದು ಕಡಿಮೆಯಾದರೂ ಬ್ಯಾಂಕು, ಆಸ್ಪತ್ರೆ, ಸರ್ಕಾರ ಜನರಿಗೆ ಕಳಿಸುವುದು ಬೆಳೆಯುತ್ತಲೇ ಹೋಯಿತು. ವಂಚಕರ ಕಾಟ ತಡೆಯಲು, ಸಂದೇಶ ಕಳಿಸುವವರ ಹೆಸರನ್ನೂ ವಾಕ್ಯದ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕೆಂದು ಟ್ರಾಯ್ 2018ರಲ್ಲಿ ನಿಯಮ ಮಾಡಿತು. 2021ರ ಮಾರ್ಚ್ 8ರಂದು ಪರಿಶೀಲನೆ ನಿಜಕ್ಕೂ ಶುರುವಾದಾಗ, ನೋಂದಣಿಯಾಗದ ನಮೂನೆಗಳೆಲ್ಲ ತಡೆಗೆ ಸಿಕ್ಕಿ ದೇಶದಾದ್ಯಂತ ಒಟಿಪಿಗಳು ಬಾರದೆ ಹೋದವು. ಟ್ರಾಯ್ ಏಳು ದಿನ ನಿಯಮವನ್ನು ತಡೆಹಿಡಿಯಬೇಕಾಯಿತು. ಈಗ ಬರುವ ಸಂದೇಶದ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ: ಪಿ ಎಂದರೆ ಜಾಹೀರಾತು, ಎಸ್ ಎಂದರೆ ಸೇವೆ, ಟಿ ಎಂದರೆ ವಹಿವಾಟು, ಜಿ ಎಂದರೆ ಸರ್ಕಾರ. ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಬಂದಾಗ ಅದನ್ನೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕಳೆದುಕೊಂಡ ಮಾರುಕಟ್ಟೆಯನ್ನು ಮರಳಿ ಹಿಡಿಯಲು ಕಂಪನಿಗಳು ಈಗ ಇನ್ನೊಂದು ಯತ್ನಕ್ಕೆ ಇಳಿದಿವೆ. 2023ರ ಫೆಬ್ರವರಿಯಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್ಎಂಎ ‘ಓಪನ್ ಗೇಟ್‌ವೇ’ ಘೋಷಿಸಿತು. ಎಲ್ಲ ಕಂಪನಿಗಳೂ ತಂತಮ್ಮ ಜಾಲಕ್ಕೆ ಒಂದೇ ಬಗೆಯ ಬಾಗಿಲು ಇಡಬೇಕು, ಹೊರಗಿನ ತಂತ್ರಾಂಶ ಅಲ್ಲಿಂದ ಪ್ರಶ್ನೆ ಕೇಳಬೇಕು ಎಂಬುದು ಅದರ ಸಾರ. ಮಾರ್ಗ ಸುಲಭದ್ದಲ್ಲ. ಇದೇ ವ್ಯಾಪಾರವನ್ನು ನಂಬಿ ಎರಿಕ್ಸನ್ 2022ರಲ್ಲಿ 620 ಕೋಟಿ ಡಾಲರ್ ಕೊಟ್ಟು ವೊನೇಜ್ ಕಂಪನಿಯನ್ನು ಕೊಂಡಿತು, ಮರುವರ್ಷವೇ ಅದರ ಮೌಲ್ಯದಲ್ಲಿ ದೊಡ್ಡ ಭಾಗವನ್ನು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಆದರೂ 2024ರಲ್ಲಿ ಏರ್‌ಟೆಲ್, ಜಿಯೋ ಸೇರಿದಂತೆ 12 ಕಂಪನಿಗಳ ಜೊತೆ ಹೊಸದೊಂದು ಜಂಟಿ ಉದ್ಯಮ ಪ್ರಕಟಿಸಿತು.

ಆ ಬಾಗಿಲಲ್ಲಿ ಕೇಳಬಹುದಾದ ಪ್ರಶ್ನೆಗಳಲ್ಲಿ ನನಗೆ ಮುಖ್ಯವೆನಿಸುವುದು ಸಿಮ್ ಬದಲಾವಣೆಯದು. ವಂಚಕನೊಬ್ಬ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದರೆ ನಿಮ್ಮ ಒಟಿಪಿ ಅವನ ಕೈಗೆ ಹೋಗುತ್ತದೆ. ದೊಡ್ಡ ಮೊತ್ತ ವರ್ಗಾಯಿಸುವ ಮೊದಲು ಬ್ಯಾಂಕಿನ ಕಂಪ್ಯೂಟರ್, ‘ಈ ನಂಬರಿನ ಸಿಮ್ ಕಳೆದ ಇಷ್ಟು ಗಂಟೆಗಳಲ್ಲಿ ಬದಲಾಗಿದೆಯೇ?’ ಎಂದು ಜಾಲವನ್ನು ಕೇಳಬಹುದು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಗ್ರಾಹಕನ ಹೆಸರು, ವಿಳಾಸ, ಅವನು ಇರುವ ಜಾಗ ಯಾವುದೂ ಹೊರಗೆ ಹೋಗಬೇಕಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಪಿಂಚಣಿ ಇಟ್ಟ ಹಿರಿಯರಿಗೂ ಈ ರಕ್ಷಣೆ ಸಿಗಬೇಕಾದರೆ ಆ ಒಂದು ಉತ್ತರದ ದರ ಸಣ್ಣ ಬ್ಯಾಂಕುಗಳ ಕೈಗೆಟುಕುವಂತಿರಬೇಕು. ದರ ನಿಗದಿ ಮಾಡುವವರು ಡೊಕೊಮೊದ ಶೇ 9ರ ಲೆಕ್ಕವನ್ನು ಮುಂದಿಟ್ಟುಕೊಂಡೇ ಕೂರಲಿ.